ಕಿಟಕಿಗೆ ಕಂಬಳಿ ಕಟ್ಟಿದ ಆಸ್ಪತ್ರೆ

ನಮ್ಮೂರಿನ ಪುರಸಭೆಗೆ ನನ್ನನ್ನು ಸದಸ್ಯೆಯನ್ನಾಗಿ ಮಾಡಿದ್ದು ನಾನು ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ. ಎರಡನೆಯ ಮಹಾಯುದ್ಧದ ಕಾಲ. ಹೆಂಗಸರಿಗೂ ಒಂದು ಕುರ್ಚಿ ಕೊಡಿ ಎಂದು ಮೇಲಿನಿಂದ ಹೇಳಿಕೆ ಬಂದಿತ್ತು. ಹೊಸಕೋಟೆ ಸೀಮೆಯ ನಮ್ಮ ಸಣ್ಣ ಪೇಟೆಯಲ್ಲಿ ಮಿಡ್ಲ್‌ ಸ್ಕೂಲು ಮುಗಿಸಿದ ಹೆಂಗಸರೇ ಕಡಿಮೆ. ಅದರಲ್ಲೂ ಜಮೀನುದಾರರ ಮನೆಯ ಸೊಸೆ ಎಂದರೆ ತಲೆ ತಗ್ಗಿಸಿ ಕೂತಿರುತ್ತಾಳೆ ಎಂದು ಅಧ್ಯಕ್ಷರು ಎಣಿಸಿದ್ದರು. ನನ್ನ ಕುರ್ಚಿಯನ್ನು ಬಾಗಿಲ ಪಕ್ಕದಲ್ಲೇ ಹಾಕಿಸಿದ್ದರು, ಸಭೆ ಮುಗಿಯುವ ಮೊದಲೇ ಎದ್ದು ಹೋಗಿ ಒಲೆ ಹಚ್ಚಲು ಅನುಕೂಲವಾಗಲಿ ಎಂದು.

ಆ ಕುರ್ಚಿಯಲ್ಲಿ ನಾನು ಬಾಯಿ ಬಿಟ್ಟದ್ದು ಹೆರಿಗೆ ಆಸ್ಪತ್ರೆಯ ವಿಷಯಕ್ಕೆ. ಬಿಟ್ಟ ಬಾಯಿಯನ್ನು ಆಮೇಲೆ ಮುಚ್ಚಲೇ ಇಲ್ಲ.

ಅದಕ್ಕೆ ಕಾರಣವಿತ್ತು, ಹೇಳಿಬಿಡುತ್ತೇನೆ. ನನ್ನ ಚೊಚ್ಚಲು ಹೆರಿಗೆ ಆದದ್ದು ನಮ್ಮ ಮನೆಯ ರಾಗಿ ಕಣಜದ ಕೋಣೆಯಲ್ಲಿ. ಆಗ ನನ್ನ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಹಾಗಾಗಿ ಅತ್ತೆಯೇ ತಾಯಿಯಾಗಿ ನೋಡಿಕೊಂಡರು. ಬಾಣಂತಿಗೆ ಗಾಳಿ ಸೋಕಬಾರದು, ಬೆಳಕು ಬೀಳಬಾರದು ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಕಿಟಕಿಯೇ ಇಲ್ಲದ ಕೋಣೆ, ಬಾಗಿಲಿಗೆ ಕಂಬಳಿ, ಮಂಚದ ಕೆಳಗೆ ಕೆಂಡ, ಕಣ್ಣುರಿಸುವ ಸಾಂಬ್ರಾಣಿ ಹೊಗೆ. ಮಗು ಹುಟ್ಟಿದ ತಕ್ಷಣ ಮನೆಯ ಹಿರಿಯ ಹೆಂಗಸು ಅದನ್ನು ದೀಪಕ್ಕೆ ಹಿಡಿದು ನೋಡಿ, ಅದು ಯಾರ ಹೋಲಿಕೆ ಎಂದು ಬಾಗಿಲಿಂದ ಹೊರಗಿನವರಿಗೆ ಕೂಗಿ ಹೇಳಬೇಕು. ಅಲ್ಲಿಯವರೆಗೆ ಹೊರಗೆ ಯಾರೂ ಬೆಲ್ಲ ಬಾಯಿಗಿಡುವಂತಿಲ್ಲ. ನನ್ನ ಅತ್ತೆ ಈ ಹೋಲಿಕೆ ಹೇಳುವುದರಲ್ಲಿ ಎತ್ತಿದ ಕೈ. ಜಡಿಗೇನಹಳ್ಳಿ ಕಡೆಯಿಂದಲೂ ಅವರನ್ನು ಗಾಡಿ ಕಟ್ಟಿ ಕರೆದೊಯ್ಯುತ್ತಿದ್ದರು.

ಆದರೆ ನನ್ನ ಚೊಚ್ಚಲಿಗೆ ಮಾತ್ರ ಅವರು ಹೋಲಿಕೆ ಹೇಳಲಿಲ್ಲ. ಹೊಗೆಯಲ್ಲಿ ದೀಪ ಮಂಕಾಗಿತ್ತು. "ಹನ್ನೊಂದ್ನೇ ದಿನ ಈಚೆ ತಂದಾಗ ನೋಡಿ ಹೇಳ್ತೀನಿ" ಎಂದರು. ಹನ್ನೊಂದನೆಯ ದಿನ ಮಗುವಿಗೆ ನೀರೆರೆದು ಸೂರ್ಯನಿಗೆ ತೋರಿಸುವುದು ರೂಢಿ. ನನ್ನ ಕೂಸು ಅಲ್ಲಿಯವರೆಗೆ ಉಳಿಯಲಿಲ್ಲ. ಅದರ ಮೈ ಬಿಸಿ ನನಗೆ ಗೊತ್ತಿತ್ತು, ಅಳು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಆ ಸಂಕಟ ಎರಡನೆಯದಾಗಿ ಮಗ ಹುಟ್ಟಿ ಓಡಾಡುವಂತಾದರೂ ಹೋಗಲಿಲ್ಲ.

ಹಾಗಾಗಿ ಆಸ್ಪತ್ರೆಯ ನಕ್ಷೆ ತಂದ ಹುಡುಗ ಸಭೆಯಲ್ಲಿ ಎದ್ದು ನಿಂತು "ಇದರಲ್ಲಿ ಗೋಡೆಗಿಂತ ಕಿಟಕಿ ಜಾಸ್ತಿ" ಎಂದಾಗ ನಾನು ಒಲೆಯನ್ನೂ ಮರೆತೆ, ಮನೆಯನ್ನೂ ಮರೆತೆ.

ಹುಡುಗ ಎಂದೆ, ಇಪ್ಪತ್ತೇಳು ಇಪ್ಪತ್ತೆಂಟರ ಗಂಡಸು. ಬೊಂಬಾಯಿಯಲ್ಲಿ ಕಟ್ಟಡದ ವಿದ್ಯೆ ಓದಿ ಬೆಂಗಳೂರಿಗೆ ಬಂದಿದ್ದ ಆರ್ಕಿಟೆಕ್ಟ್. ಮಾತು ಜಾಸ್ತಿ, ತಾಳ್ಮೆ ಕಡಿಮೆ. ರಟ್ಟಿನಲ್ಲಿ ಕಟ್ಟಡದ ಒಂದು ಮಾದರಿ ಮಾಡಿಕೊಂಡು ಬಂದು ಮೇಜಿನ ಮೇಲಿಟ್ಟ. ಉದ್ದನೆಯ ಬಿಳಿ ಕಟ್ಟಡ, ಒಂದು ತುದಿ ದುಂಡಗೆ. ಕಮಾನಿಲ್ಲ, ಗೋಪುರವಿಲ್ಲ, ಗಾರೆಯ ಸಿಂಹವಿಲ್ಲ, ಬಳ್ಳಿಯಿಲ್ಲ. ಚಾವಣಿ ಚಪ್ಪಟೆ. ಪೂರ್ವದ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಾಲಿನ ಕಿಟಕಿ, ಅದರ ಮೇಲೆ ಕಂಬವಿಲ್ಲದೆ ಮುಂದಕ್ಕೆ ಚಾಚಿದ ಕಾಂಕ್ರೀಟಿನ ಸಜ್ಜೆ.

ಸಭೆಯಲ್ಲಿ ಯಾರಿಗೂ ಅದು ಕಟ್ಟಡ ಎಂದು ಹೊಳೆಯಲೇ ಇಲ್ಲ. ಒಬ್ಬ ಹಿರಿಯ ಸದಸ್ಯರು ಎಲೆಯಡಿಕೆ ತಟ್ಟೆಯನ್ನು ನೆಮ್ಮದಿಯಾಗಿ ಅದರ ಚಾವಣಿಯ ಮೇಲಿಟ್ಟು ಸುಣ್ಣ ಹಚ್ಚತೊಡಗಿದರು. ಆರ್ಕಿಟೆಕ್ಟನ ಮುಖ ನೋಡುವ ಹಾಗಿರಲಿಲ್ಲ. ಎಲ್ಲರೂ ನಕ್ಕರು.

"ನೋಡಿ, ಭಾರ ತಡ್ಕೊಂಡಿತು" ಎಂದೆ ನಾನು. ಸಭೆಯಲ್ಲಿ ಅದು ನನ್ನ ಮೊದಲ ಮಾತು.

ಅಧ್ಯಕ್ಷರು ರಾಗಿ ಮಂಡಿ ನಡೆಸುತ್ತಿದ್ದವರು. ಅವರ ಮನಸ್ಸಿನಲ್ಲಿದ್ದ ಆಸ್ಪತ್ರೆಯೇ ಬೇರೆ. ಮುಂದೆ ಮೂರು ಕಮಾನು, ಎರಡು ಸಿಂಹ, ನೆತ್ತಿಯಲ್ಲಿ ಗಜಲಕ್ಷ್ಮಿ, ಕೆಳಗೆ ಅಮೃತಶಿಲೆಯಲ್ಲಿ ತಮ್ಮ ಹೆಸರು. "ಏನಪ್ಪಾ ಇದು, ಇಟ್ಟಿಗೆ ಅಚ್ಚು ಮಗುಚಿಟ್ಟಂಗೈತೆ" ಎಂದರು. "ನೂರಾರು ವರ್ಷ ನಿಲ್ಲೋ ಕಟ್ಟಡ. ನಾಳೆ ಯಾರಾದ್ರೂ ಬಂದು ನೋಡಿದ್ರೆ ಇದು ಯಾವೂರು ಅಂತ ಗೊತ್ತಾಗ್ಬೇಕೋ ಬೇಡ್ವೋ? ಚಪ್ಪಟೆ ಚಾವಣಿ ನಮ್ಮ ಸೀಮೇದಲ್ಲ. ಸೋರ್ತದೆ, ಬೀಳ್ತದೆ."

ಆರ್ಕಿಟೆಕ್ಟ್ ಏನೇನೋ ಹೇಳಿದ. ಭಾರ ಎಂದ, ವೆಂಟಿಲೇಷನ್ ಎಂದ, ಹೊಸ ಕಾಲ ಎಂದ. ಕೋಣನ ಮುಂದೆ ಕಿನ್ನರಿ. ಕೊನೆಗೆ ಕೋಪ ಬಂದು, ಹಳೆಯ ಕಟ್ಟಡಗಳೆಲ್ಲ ಸುಳ್ಳು ಅಲಂಕಾರ ಎಂದುಬಿಟ್ಟ. ಕೆಲಸ ಕೆಡುವುದರಲ್ಲಿತ್ತು. ನಾನು ಎದ್ದು ನಿಂತೆ.

"ಅಧ್ಯಕ್ಷರೇ, ನಿಮ್ಮನೆ ಮಾಳಿಗೆ ಮೇಲೆ ನಿಮ್ಮೋರು ಸಂಡಿಗೆ ಒಣಗಾಕಲ್ವಾ?"

"ಹಾಕ್ತಾರೆ. ಅದಕ್ಕೇನೀಗ?"

"ಮಾಳಿಗೆ ಗೋಪುರದ ಥರ ಇದ್ರೆ ಸಂಡಿಗೆ ಜಾರಿ ಬೀದಿಗೆ ಬೀಳ್ತಿತ್ತು. ನಮ್ಮ ತಾತಂದಿರು ಕಟ್ಟಿದ್ದೆಲ್ಲ ಚಪ್ಪಟೆ ಮಾಳಿಗೆ ಮನೆಗಳೇ. ನಮ್ಮ ಸೀಮೇದಲ್ಲದ್ದು ನಿಮ್ಮ ಕಮಾನು, ಈ ಚಾವಣಿಯಲ್ಲ."

ಎಲೆಯಡಿಕೆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ನಗಲಿಲ್ಲ. ಆದರೆ ನಿಜಕ್ಕೂ ಅವರ ಕೈ ಕಟ್ಟಿದ್ದು ನನ್ನ ಮಾತಲ್ಲ, ಯುದ್ಧ. ಸಿಮೆಂಟಿಗೆ ಪರ್ಮಿಟ್ಟು, ಕಬ್ಬಿಣಕ್ಕೆ ಪರ್ಮಿಟ್ಟು. ಗೋಪುರಕ್ಕೂ ಸಿಂಹಕ್ಕೂ ಪರ್ಮಿಟ್ಟು ಸಿಗುವ ಹಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಒಪ್ಪಿದರು. ಒಪ್ಪುವಾಗಲೇ ನಿರ್ಣಯದ ಕೊನೆಗೆ ಒಂದು ಮುಳ್ಳು ಸೇರಿಸಿದರು: ಬಾಗಿಲು ತೆರೆದ ಮೇಲೆ ಬರುವ ಮೊದಲ ಸಂಕ್ರಾಂತಿಯೊಳಗೆ ಅಲ್ಲಿ ಒಂದಾದರೂ ಹೆರಿಗೆ ಆಗದಿದ್ದರೆ ಕಟ್ಟಡವನ್ನು ರೇಷನ್ ಡಿಪೋ ಮಾಡತಕ್ಕದ್ದು. ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚತಕ್ಕದ್ದು.

ಆರ್ಕಿಟೆಕ್ಟನನ್ನು ಆಮೇಲೆ ನಾನೂ ಬೈದೆ. ಅವನು ಬರೆದಿದ್ದ ಕಿಟಕಿ ನಿಂತ ಗಂಡಸಿನ ಎದೆಮಟ್ಟಕ್ಕಿತ್ತು. "ಅಲ್ಲಯ್ಯಾ, ಬಾಣಂತಿ ನಿಂತ್ಕೊಂಡಿರ್ತಾಳಾ? ಮಲಗಿರ್ತಾಳೆ. ಮಲಗಿದೋಳಿಗೆ ಕೆರೆ ಕಾಣೋ ಹಂಗೆ ಇಳಿಸು" ಎಂದೆ. ಅವನು ಪೆನ್ಸಿಲ್ಲು ತೆಗೆದು, "ಅಮ್ಮಾವ್ರೆ, ಇದನ್ನ ನನಗೆ ಕಾಲೇಜಲ್ಲಿ ಹೇಳ್ಕೊಡಲಿಲ್ಲ" ಎಂದು ನಕ್ಷೆ ತಿದ್ದಿದ. ಅಂದಿನಿಂದ ನಮಗಿಬ್ಬರಿಗೂ ಸ್ನೇಹ. ಅವನ ಕೊಬ್ಬೂ ನನ್ನ ಕೊಬ್ಬೂ ಒಂದೇ ಜಾತಿಯವು.

ಕೆರೆ ಏರಿಯ ಪಕ್ಕದ ದಿಬ್ಬದಲ್ಲಿ ಕಟ್ಟಡ ಎದ್ದಿತು. ಬೆಂಗಳೂರಿಂದ ಸೂಲಿಬೆಲೆ ಕಡೆಗೆ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನವರು ಅಲ್ಲಿ ನಿಧಾನ ಮಾಡಿ ತೋರಿಸುತ್ತಿದ್ದರು. ಸಜ್ಜೆಯ ಕೆಳಗಿನ ಆಸರೆ ಮರಗಳನ್ನು ಬಿಚ್ಚಿದ ದಿನ ಊರೆಲ್ಲ ದೂರ ನಿಂತು, ಬೀಳುತ್ತದೆ ಎಂದು ಕಾದಿತು. ಬೀಳಲಿಲ್ಲ. ಆದರೂ ಯಾರೂ ಅದರ ನೆರಳಿಗೆ ಬರಲಿಲ್ಲ. ಆರ್ಕಿಟೆಕ್ಟ್ ಮಾತ್ರ ಅದರ ಕೆಳಗೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, ಮೇಲೆ ನೋಡಿ ನೋಡಿ ತಾನೇ ನಗುತ್ತಿದ್ದ. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಅಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ನನಗೂ ಅದು ಮುದ್ದೇ ಆಗಿತ್ತು. ಬೆಳಿಗ್ಗೆ ಸುಣ್ಣದ ಗೋಡೆಯ ಮೇಲೆ ಎಳೆ ಬಿಸಿಲು ಬಿದ್ದಾಗ, ಆ ಉದ್ದನೆಯ ಕಿಟಕಿಸಾಲಿನ ತುಂಬ ಕೆರೆಯ ನೀರು ಮಿನುಗುತ್ತಿತ್ತು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಇಷ್ಟು ಚೆಂದದ್ದು ನಮ್ಮೂರಲ್ಲಿ ಇನ್ನೊಂದಿಲ್ಲ ಎನಿಸುತ್ತಿತ್ತು. ಹಾಗೆಂದು ಹೇಳಿದರೆ ಜನ ನನ್ನ ಮುಖ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಬೆಂಗಳೂರಿನಿಂದ ನರ್ಸಮ್ಮ ಬಂದರು, ತಮಿಳು ಸೀಮೆಯವರು, ತರಬೇತಿಯಾದ ಸೂಲಗಿತ್ತಿ. ಹಾಸಿಗೆಗಳು ಬಂದವು. ಬಸುರಿಯರು ಮಾತ್ರ ಬರಲಿಲ್ಲ. ಮುಂಗಾರು ಕಳೆಯಿತು, ರಾಗಿ ತೆನೆ ಕಟ್ಟಿತು, ಕೊಯ್ಲೂ ಆಯಿತು. ನರ್ಸಮ್ಮ ದಿನವೂ ಗಾಜು ಒರೆಸಿ ಕೂತಿರುತ್ತಿದ್ದರು. ಅಷ್ಟು ಕಿಟಕಿಯಿರುವ ಮನೆಯಲ್ಲಿ ಹೆತ್ತರೆ ಸನ್ನಿ ಹಿಡಿಯದೆ ಇರುತ್ತದೆಯೇ ಎಂದು ಹೆಂಗಸರು ಕೇಳುತ್ತಿದ್ದರು. ಹಾಗೆ ಹೇಳುವವರಲ್ಲಿ ಮೊದಲನೆಯವರು ನನ್ನ ಅತ್ತೆ.

ನನ್ನ ನಾದಿನಿ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಅತ್ತೆಗೆ ಕೊನೆಯ ಮಗಳು, ಕಣ್ಣಿನ ಗೊಂಬೆ. ನಾನು ಆಸ್ಪತ್ರೆಯ ಮಾತೆತ್ತಿದರೆ ಸಾಕು, ಅತ್ತೆ ಮೊರ ಕುಟ್ಟಿ ಎದ್ದು ಹೋಗುತ್ತಿದ್ದರು. "ನಿನ್ನ ಗಾಜಿನ್ಮನೇಲಿ ನೀನೇ ಹೆರು. ನನ್ನ ಮಗಳು ಕಣಜದ ಕ್ವಾಣೇಲೇ ಹೆರೋದು" ಎನ್ನುತ್ತಿದ್ದರು. ಕಣಜದ ಕೋಣೆ ಎಂದಾಗಲೆಲ್ಲ ನನಗೆ ನನ್ನ ಚೊಚ್ಚಲು ಕೂಸಿನ ಅಳು ಕೇಳಿಸುತ್ತಿತ್ತು. ಹೇಳಲು ಆಗುತ್ತಿರಲಿಲ್ಲ. ಅತ್ತೆಯ ಕೈ ಕೆಟ್ಟದ್ದೆಂದು ನಾನು ಯಾವತ್ತೂ ಎಣಿಸಲಿಲ್ಲ, ಆ ಕತ್ತಲೆಯನ್ನು ಮಾತ್ರ ಕ್ಷಮಿಸಲಾರದೆ ಹೋದೆ.

ಧನುರ್ಮಾಸ ಹುಟ್ಟಿತು. ಸಂಕ್ರಾಂತಿಗೆ ಇನ್ನು ತಿಂಗಳೂ ಇರಲಿಲ್ಲ. ಅಧ್ಯಕ್ಷರು ಇಟ್ಟಿಗೆ ಹೊಡೆಸಿ ದಿಬ್ಬದ ಕೆಳಗೆ ತಂದು ಜೋಡಿಸಿದ್ದರು.

ಆಗ ಅಧ್ಯಕ್ಷರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದರು. ಹೋಗದೆ ಇರಲು ಆಗುತ್ತದೆಯೇ, ಅತ್ತೆ ನಾನು ಇಬ್ಬರೂ ಹೋದೆವು. ಊರಿನ ಹೆಂಗಸರೆಲ್ಲ ಕೂತಿದ್ದರು. ಅಧ್ಯಕ್ಷರ ಹೆಂಡತಿ ಕುಂಕುಮ ಕೊಡುತ್ತ, ನಗುತ್ತ, "ಏನಮ್ಮಾ ಮೆಂಬರಮ್ಮಾ, ನಿಮ್ಮನೇಲೇ ಬಸುರಿ ಅವಳೆ. ನಿಮ್ಮತ್ತೆಯೋರೇ ಅಲ್ಲಿಗೆ ಕಳ್ಸಲ್ಲ, ಇನ್ನ ಊರೋರು ಕಳ್ಸ್ತಾರಾ? ಸೊಸೆ ಮಾತಿಗೆ ಮನೇಲೇ ಬೆಲೆ ಇಲ್ಲ" ಎಂದರು.

ನಾನು ಕುಂಕುಮಕ್ಕೆ ಕೈ ಚಾಚಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಅತ್ತೆ ಎದ್ದು ನಿಂತರು.

"ಯಾರವ್ವಾ ನಿಂಗೆ ಹೇಳಿದ್ದು ಕಳ್ಸಲ್ಲ ಅಂತ? ನನ್ನ ಮಗಳು ಅಲ್ಲೇ ಹೆರೋದು. ನನ್ನ ಸೊಸೆ ನಿಂತು ಕಟ್ಸಿದ ಆಸ್ಪತ್ರೆ. ನಮ್ಮನೆ ಮಾತಿಗೆ ಬೆಲೆ ಕಟ್ಟೋಕೆ ನೀನ್ಯಾರು?"

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು, ನಾನು ಹಿಂದೆ. ಬೀದಿ ತಿರುಗಿದ ಮೇಲೆ ಶುರುವಾಯಿತು: "ಮಾಡ್ಬುಟ್ಯಲ್ಲೇ! ನಿನ್ನಿಂದ ನನ್ನ ಬಾಯಲ್ಲಿ ಏನು ಬಂತು ನೋಡು. ಆಡಿದ ಮಾತು ನುಂಗೋ ಹಂಗಿಲ್ಲ. ಆದ್ರೆ ಕೇಳ್ಸ್ಕೋ, ಆ ಕಿಟಕಿಗೆಲ್ಲ ನಾನು ಕಂಬಳಿ ಕಟ್ತೀನಿ. ನೀನು ಅಡ್ಡ ಬಂದ್ಯೋ, ನಿನ್ನೂ ಸೇರ್ಸಿ ಕಟ್ತೀನಿ." ಮನೆ ಮುಟ್ಟುವವರೆಗೆ ಬೈದರು. ನನಗೆ ಅಷ್ಟು ಹಿತವಾದ ಬೈಗುಳ ಜನ್ಮದಲ್ಲಿ ಸಿಕ್ಕಿಲ್ಲ.

ನೋವು ಕಾಣಿಸಿಕೊಂಡದ್ದು ಸಂಕ್ರಾಂತಿಗೆ ಇನ್ನೂ ಕೆಲವು ದಿನವಿರುವಾಗ, ಮಾಗಿಯ ಚಳಿಯ ಒಂದು ಮುಂಜಾವು. ಗಾಡಿಯಲ್ಲಿ ನಾದಿನಿಯ ಪಕ್ಕದಲ್ಲಿ ಮನೆಯ ಕಂಬಳಿಗಳೆಲ್ಲ ಬಂದವು. ಕುರಿಯವರ ಕರಿ ಕಂಬಳಿಗಳು, ಹೊಲ ಕಾಯುವವರದ್ದೂ ಬಿಟ್ಟಿರಲಿಲ್ಲ. ಅತ್ತೆ ಹಗ್ಗ ಎಳೆದು, ಒಂದು ತುದಿಯಿಂದ ಕಟ್ಟುತ್ತ ಬಂದರು. ನರ್ಸಮ್ಮ "ಬೆಳಕು ಬೇಕಮ್ಮಾ, ನಾನು ಹೆಂಗೆ ನೋಡೋದು?" ಎಂದು ಗೋಗರೆದರು. ಅತ್ತೆ ಕೇಳಲಿಲ್ಲ. ಹೊತ್ತು ಹುಟ್ಟುವ ಹೊತ್ತಿಗೆ ಒಳಗೆ ಕಣಜದ ಕೋಣೆಯೇ ಸಿದ್ಧವಾಗಿತ್ತು. ನರ್ಸಮ್ಮ ಬೆಳ್ಳಂಬೆಳಗ್ಗೆ ಲಾಟೀನು ಹಚ್ಚಿದರು.

ಚಾವಣಿ ನೋಡಿಕೊಂಡು ಹೋಗಲು ಆರ್ಕಿಟೆಕ್ಟ್ ಹಿಂದಿನ ದಿನವೇ ಬಂದು ಮುಸಾಫಿರ್ ಬಂಗಲೆಯಲ್ಲಿ ಉಳಿದಿದ್ದ. ಸುದ್ದಿ ಕೇಳಿ ಓಡಿ ಬಂದವನು ಅಂಗಳದಲ್ಲೇ ನಿಂತುಬಿಟ್ಟ. ಅವನ ಬಿಳಿ ಕಟ್ಟಡದ ಕಿಟಕಿಸಾಲು ಪೂರ್ತಿ ಕರಿ ಕಂಬಳಿ. "ಅಮ್ಮಾವ್ರೆ, ಇದಕ್ಕಾ ನಾವು ಜಗಳ ಆಡಿದ್ದು?" ಎಂದ. ಅವನ ಕಣ್ಣು ತುಂಬಿತ್ತು. ಅಷ್ಟರಲ್ಲಿ ಅಧ್ಯಕ್ಷರೂ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಹೆರಿಗೆ ಆಗುತ್ತಿರುವುದು ಅವರಿಗೆ ಹಿಡಿಸದಿದ್ದರೂ ಕಂಬಳಿ ನೋಡಿ ಮುಖ ಅರಳಿತು. "ಕಿಟಕಿ ಬೇಕು ಅಂತ ಕುಣಿದೋರೇ ಮುಚ್ಕೊಂಡವರೆ! ನಾನು ಇಟ್ಟಿಗೇಲಿ ಮುಚ್ತೀನಿ ಅಂದಿದ್ದೆ, ಇವರು ಕಂಬಳೀಲಿ ಮುಚ್ಚವರೆ, ಅಷ್ಟೇಯ" ಎಂದರು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನಗೆ. ಒಳಗೆ ಹೋಗಿ ನಾದಿನಿಯ ಕೈ ಹಿಡಿದು ಕೂತೆ. ಅವಳು ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದಳು. ಗೆಲುವೂ ಬೇಡ, ಕಿಟಕಿಯೂ ಬೇಡ, ಇವಳೊಬ್ಬಳು ಸುಖವಾಗಿ ಎದ್ದರೆ ಸಾಕು ಎನಿಸಿತು.

ಸುಖವಾಗಿಯೇ ಆಯಿತು. ಹೆಣ್ಣು ಮಗು. ಕಿರುಚಿತೆಂದರೆ ಹೊರಗಿನವರೂ ಬೆಚ್ಚಿಬಿದ್ದರು.

ನರ್ಸಮ್ಮ ಮಗುವನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟರು. ಇನ್ನು ಹೋಲಿಕೆ ಹೇಳಬೇಕು. ಹೊರಗೆ ನನ್ನ ಗಂಡ ಬೆಲ್ಲದ ತಟ್ಟೆ ಹಿಡಿದು ಕಾಯುತ್ತಿದ್ದ. ಅತ್ತೆ ಮಗುವನ್ನು ಲಾಟೀನಿಗೆ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಲಾಟೀನಿನ ಗಾಜು ಹೊಗೆ ಹಿಡಿದಿತ್ತು. ಕಣ್ಣು ಕಿರಿದು ಮಾಡಿ ಬಗ್ಗಿದರು. ನಾನು ನೋಡುತ್ತಲೇ ಇದ್ದೆ. ಇದನ್ನೇ ಹಿಂದೊಮ್ಮೆ ಮಂಚದ ಮೇಲೆ ಮಲಗಿಕೊಂಡು ನೋಡಿದ್ದೆ.

ಅತ್ತೆಗೂ ಅದೇ ನೆನಪಾಗಿರಬೇಕು. ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಮಗುವನ್ನು ಎದೆಗವಚಿಕೊಂಡು ಕಿಟಕಿಯ ಹತ್ತಿರ ಹೋಗಿ, ಕಂಬಳಿಯ ಒಂದು ಮೂಲೆ ಎತ್ತಿದರು.

ಮಂಜು ಕರಗಿ ಕೆರೆಯ ಮೇಲೆ ಬಿಸಿಲು ಬಿದ್ದಿತ್ತು. ಎತ್ತಿದ ಮೂಲೆಯಿಂದ ಬೆಳಕು ನೇರ ಮಗುವಿನ ಮುಖಕ್ಕೆ ಬಂತು. ಹುಬ್ಬು, ಮೂಗು, ಗಲ್ಲದ ಗುಳಿ, ಒದ್ದೆ ಕೂದಲು, ಎಲ್ಲ ಒಂದೇ ಸಲಕ್ಕೆ ಕಂಡಿತು. ಅತ್ತೆ ಆ ಮುಖದಿಂದ ಕಣ್ಣು ಕೀಳಲಿಲ್ಲ. ಬಾಣಂತಿಯರನ್ನು ನೋಡಿ ನೋಡಿ ತಲೆ ನರೆತ ಹೆಂಗಸು, ಆಗಷ್ಟೇ ಹುಟ್ಟಿದ ಮಗುವನ್ನು ಹಗಲ ಬೆಳಕಿನಲ್ಲಿ ಅವರು ನೋಡಿದ್ದು ಅದೇ ಮೊದಲು.

"ನಿನ್ನ ಚೊಚ್ಚಲಿಗೆ ನಾನು ಹೋಲಿಕೆ ಹೇಳ್ಲಿಲ್ಲ ಕಣೇ" ಎಂದರು, ನನ್ನ ಕಡೆ ತಿರುಗದೆ. "ಹೇಳಾಕೆ ಕಂಡ್ರೆ ತಾನೇ? ಆ ಹೊಗೇಲಿ ನಂಗೇನೂ ಕಾಣ್ಲಿಲ್ಲ ಕಣವ್ವಾ."

ನಾನು ಅತ್ತುಬಿಟ್ಟೆ. ಅತ್ತೆಯೂ ಅಳುತ್ತಿದ್ದರು. ಅಳುತ್ತಲೇ ಮಗುವನ್ನು ನನ್ನ ಕೈಗೆ ಕೊಟ್ಟು, ಹಗ್ಗಕ್ಕೆ ಕೈ ಹಾಕಿ ಎಳೆದರು. ಒಂದು ಕಂಬಳಿ ಬಿತ್ತು, ಇನ್ನೊಂದು ಬಿತ್ತು. ಹಗ್ಗ ಪೂರ್ತಿ ಕಿತ್ತು ಬಂದು, ಆ ತುದಿಯಿಂದ ಈ ತುದಿಯವರೆಗೆ ಕರಿಯದೆಲ್ಲ ಕೆಳಗಿಳಿಯಿತು. ವಾರ್ಡಿನ ತುಂಬ ಬಿಸಿಲು. ಮಲಗಿದ್ದ ನಾದಿನಿ ಕಣ್ಣು ಉಜ್ಜಿಕೊಂಡು, "ಅತ್ತಿಗೇ, ಇಲ್ಲಿಂದ ಕೆರೆ ಕಾಣ್ತದೆ" ಎಂದಳು.

ಅತ್ತೆ ಕಿಟಕಿಯನ್ನೇ ತೆರೆದರು. ಹೊರಗೆ ಅಧ್ಯಕ್ಷರು, ಆರ್ಕಿಟೆಕ್ಟ್, ಬೆಲ್ಲದ ತಟ್ಟೆ ಹಿಡಿದ ನನ್ನ ಗಂಡ, ಅರ್ಧ ಊರು.

"ಕೇಳ್ರಪ್ಪೋ! ಹೆಣ್ಣು ಕೂಸು. ಮೂಗು ನಮ್ಮವ್ವಂದು, ಹಣೆ ಅವರಪ್ಪಂದು, ಗಲ್ಲದಾಗೆ ಗುಳಿ ಐತೆ, ಅದು ನಂದು. ದೀಪದಾಗೆ ನೋಡಿ ಹೇಳ್ತಿಲ್ಲ, ಸೂರ್ಯದೇವರ ಮುಂದೆ ನೋಡಿ ಹೇಳ್ತಿದ್ದೀನಿ!" ಎಂದು ಕೂಗಿದರು. ಅಷ್ಟಕ್ಕೇ ಬಿಡದೆ, "ಅಧ್ಯಕ್ಷರೇ, ಆ ಇಟ್ಟಿಗೇಲಿ ಇನ್ನೊಂದು ವಾರ್ಡು ಕಟ್ಸಿ. ಕಿಟಕಿ ಇದಕ್ಕಿಂತ ದೊಡ್ಡದಿರ್ಲಿ" ಎಂದರು.

ಆರ್ಕಿಟೆಕ್ಟ್ ಸಜ್ಜೆಯ ಕೆಳಗೆ ಹುಚ್ಚನ ಹಾಗೆ ಕುಣಿದ. ಬೆಲ್ಲ ಹಂಚಿದ್ದೂ ಅಲ್ಲೇ. ತಿನ್ನಲು ಬಂದವರೆಲ್ಲ ಸಜ್ಜೆಯ ನೆರಳಿಗೆ ಬಂದು ನಿಂತರು, ಬೀಳುತ್ತದೆ ಎನ್ನುವುದು ಯಾರಿಗೂ ನೆನಪಿರಲಿಲ್ಲ. ಅಧ್ಯಕ್ಷರೂ ಒಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಂಡರು. ಪಾಪ, ಇನ್ನೇನು ಮಾಡುತ್ತಾರೆ.

ಆಮೇಲೆ ಶುರುವಾದದ್ದು ಕಿಟಕಿ ಪಕ್ಕದ ಹಾಸಿಗೆಗೆ ಜಗಳ. ಅತ್ತೆಯ ಹಾಗೆ ಬೆಳಕಿನಲ್ಲಿ ಹೋಲಿಕೆ ಹೇಳಬೇಕೆಂದು ಎಲ್ಲ ಅಜ್ಜಿಯರಿಗೂ ಆಸೆ. ದೀಪದಲ್ಲಿ ಹೇಳಿದ ಹೋಲಿಕೆ ನಿಜವಲ್ಲ ಎಂಬ ಮಾತೇ ಹುಟ್ಟಿಕೊಂಡಿತು. ಅಧ್ಯಕ್ಷರ ಹೆಂಡತಿ ತಮ್ಮ ಸೊಸೆಗೆ ದುಂಡನೆಯ ಮೂಲೆಯ ಹಾಸಿಗೆಯೇ ಬೇಕೆಂದು ನಮ್ಮ ಮನೆಗೆ ಬಂದು ಕೇಳಿದರು. ಅತ್ತೆ ಅವರನ್ನು ಸ್ವಲ್ಪ ಹೊತ್ತು ಕೂರಿಸಿಕೊಂಡು ಆಟವಾಡಿಸಿ ಆಮೇಲೆ ಹೂಂ ಎಂದರು. ಹಾಸಿಗೆ ಕೊಡುವ ಅಧಿಕಾರ ಅವರಿಗೆ ಯಾರು ಕೊಟ್ಟರೋ ನನಗೆ ತಿಳಿಯದು.

ಮುಂದಿನ ವರ್ಷ ನನ್ನ ಮೂರನೆಯ ಹೆರಿಗೆ ಅಲ್ಲೇ ಆಯಿತು. ಬೆಳಿಗ್ಗೆ, ಕಿಟಕಿಗಳೆಲ್ಲ ತೆರೆದಿದ್ದವು. ನರ್ಸಮ್ಮ ಮಗುವನ್ನು ಎಂದಿನಂತೆ ಅತ್ತೆಯ ಕೈಗೆ ಕೊಟ್ಟರು. ಅತ್ತೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ, ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿಸಿದರು.

"ಈ ಸಲ ನೀನು ಹೇಳೇ" ಎಂದರು. "ಹೆತ್ತೋಳು ನೀನು. ಮೊದ್ಲು ನೀನು ನೋಡು."

ಹೊರಗೆ ಜನ ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಬಿಸಿಲಿನಲ್ಲಿ ನನ್ನ ಮಗಳ ಮುಖವನ್ನು ಹಣೆಯಿಂದ ಗಲ್ಲದವರೆಗೆ ಕಣ್ತುಂಬ ನೋಡಿದೆ. ಆಮೇಲೆ ಮಲಗಿದಲ್ಲಿಂದಲೇ, ಕೆರೆ ಏರಿಯ ಮೇಲೆ ಹೋಗುತ್ತಿದ್ದ ಗಾಡಿಯವರಿಗೂ ಕೇಳುವ ಹಾಗೆ ಕೂಗಿ ಹೇಳಿದೆ.

"ನನ್ನ ಥರಾನೇ ಐತೆ!"